ಹಿಸೆ ಆದ ಸಮೀಕರಣ

ಶಂಕುವನ್ನು ಅಡ್ಡ, ಓರೆ, ಉದ್ದ ಕತ್ತರಿಸಿದರೆ ಏನೇನು ಸಿಗುತ್ತದೆ ಎಂದು ಯಾವ ಪಿಯುಸಿ ಸೈನ್ಸಿನ ಹುಡುಗರನ್ನು ಕೇಳಿದರೂ ಸರ್ಕಲ್ಲು, ಎಲಿಪ್ಸು, ಪ್ಯಾರಾಬೋಲಾ, ಹೈಪರ್ಬೋಲಾ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. 'ಮತ್ತೆ?' ಎಂದು ಕೇಳಿದಿರೋ, ಮುಖ ನೋಡುತ್ತಾರೆ. ಮತ್ತೆ ಉಳಿದದ್ದು ಡಿಜನರೇಟ್ ಕಾನಿಕ್ಕು. 2012ರಲ್ಲಿ ನಮ್ಮ ಪಿಯುಸಿಗೆ ಎನ್‌ಸಿಇಆರ್‌ಟಿ ಪಠ್ಯ ಬಂದ ಮೇಲೂ ಅದರ ಭಾಗ್ಯವೇನೂ ಬದಲಾಗಲಿಲ್ಲ. ಕತ್ತರಿಸುವ ಸಮತಲ ಶಂಕುವಿನ ತುದಿಯ ಮೂಲಕವೇ ಹಾದುಹೋದರೆ ಒಂದು ಬಿಂದು, ಇಲ್ಲವೇ ಒಂದು ಸರಳರೇಖೆ, ಇಲ್ಲವೇ ಒಂದನ್ನೊಂದು ದಾಟುವ ಎರಡು ಸರಳರೇಖೆ ಸಿಗುತ್ತದೆ ಎಂದು ನಾಲ್ಕು ಸಾಲು ಹೇಳಿ ಪುಸ್ತಕ ಮುಂದಕ್ಕೆ ಹೋಗುತ್ತದೆ. ಮೇಷ್ಟರು ಪುಸ್ತಕಕ್ಕಿಂತ ಬೇಗ ಹೋಗುತ್ತಾರೆ. 'ಎಕ್ಸಾಮಿಗೆ ಬರೋದಿಲ್ಲ' ಎಂಬ ಮಾತಿನ ಮುಂದೆ ಯಾವ ಗಣಿತ ನಿಂತೀತು?

ನಮ್ಮಲ್ಲಿ ಈ ವಿಷಯ ಎದ್ದದ್ದು ಅಡಿಕೆ ಸುಲಿಯುವ ಜಗಲಿಯಲ್ಲಿ. ಇಸಳೂರಿನ ಕಡೆ ಕೊನೆಕೊಯ್ಲು ಶುರುವಾಯಿತೆಂದರೆ ರಾತ್ರಿ ಊಟದ ಮೇಲೆ ಮೆಟ್ಟುಗತ್ತಿಗಳ ಸಾಲು ಕೂರುತ್ತದೆ. ಕೈಗೆ ಕೆಲಸ ಕೊಟ್ಟ ದೇವರು ಬಾಯಿಗೆ ಬೀಗ ಕೊಟ್ಟಿಲ್ಲ. ಚಾಲಿ ರೇಟು, ರಾಶಿ ರೇಟು, ಮುಂದಿನ ಮಾರಿಜಾತ್ರೆ, ಮಂಗನ ಕಾಟ, ಯಾರ ಮನೆಯ ಮಾಣಿಗೆ ಹೆಣ್ಣು ಸಿಕ್ಕಿತು, ಯಾರಿಗೆ ಸಿಕ್ಕಿಲ್ಲ, ಎಲ್ಲವೂ ಅಲ್ಲೇ ಇತ್ಯರ್ಥ. ತಮ್ಮನ ಮಗಳು ಮೊದಲ ಪಿಯುಸಿ. ದಿನಾ ಶಿರಸಿಗೆ ಬಸ್ಸಿನಲ್ಲಿ ಹೋಗಿ ಬರುವವಳು. ಟೆಸ್ಟು ಇದೆ ಎಂಬ ಒಂದೇ ಕಾರಣಕ್ಕೆ ಸುಲಿಯುವುದರಿಂದ ವಿನಾಯ್ತಿ ಪಡೆದು ಕಂಬಕ್ಕೆ ಒರಗಿ ಕೂತಿದ್ದಳು.

"ದೊಡ್ಡಪ್ಪ, ಈ ಮೂರು ಲೆಕ್ಕ ಒಂದೇ ನಮೂನಿ ಕಾಣ್ತು. ಉತ್ತರ ಮಾತ್ರ ಮೂರು ನಮೂನಿ ಇದ್ದು. ಎಂತಕ್ಕೆ?"

ನೋಡಿದೆ.

ಎಕ್ಸ್² + ವೈ² − 4ಎಕ್ಸ್ − 6ವೈ + 12 = 0
ಎಕ್ಸ್² + ವೈ² − 4ಎಕ್ಸ್ − 6ವೈ + 13 = 0
ಎಕ್ಸ್² + ವೈ² − 4ಎಕ್ಸ್ − 6ವೈ + 14 = 0

ಆಚೆಮನೆ ಭಾವ ಕತ್ತಿಯಿಂದ ಕಾಲು ತೆಗೆಯದೆ ಅತ್ತ ಬಗ್ಗಿದ. "ಎಂತ ಬೇರೆ ಇಲ್ಲೆ. ಒಂದೊಂದು ರೂಪಾಯಿ ಹೆಚ್ಚಾಯ್ದು ಅಷ್ಟೇಯ."

ಭಾವ ಕಲಿತದ್ದು ಎಸ್ಸೆಸ್ಸೆಲ್ಸಿ. ಆದರೆ ಊರಿನ ಅರ್ಧ ಹಿಸೆಗಳಿಗೆ ಪಂಚನಾಗಿ ಕೂತವನು, ಲೆಕ್ಕ ಎಲ್ಲಿ ಕೆಡುತ್ತದೆ ಎಂಬುದು ಮೂಗಿಗೆ ಗೊತ್ತಾಗುತ್ತದೆ. ಇಲ್ಲಿ ಇರುವ ಗುಟ್ಟೂ ಆ ಒಂದೊಂದು ರೂಪಾಯಿಯೇ. ಎಕ್ಸ್² − 4ಎಕ್ಸ್ ಎಂಬುದಕ್ಕೆ 4 ಕೊಟ್ಟರೆ ಅದು (ಎಕ್ಸ್ − 2)² ಆಗಿ ಪೂರ್ತಿಯಾಗುತ್ತದೆ. ವೈ² − 6ವೈ ಎಂಬುದಕ್ಕೆ 9 ಬೇಕು, ಆಗ (ವೈ − 3)². ಒಟ್ಟು ಬೇಕಾದದ್ದು 13. ಮೊದಲನೆಯವನ ಕಿಸೆಯಲ್ಲಿ ಇರುವುದು 12. ಒಂದು ಕಡಿಮೆ ಬಿತ್ತು, ಆ ಒಂದು ಸಮಚಿಹ್ನೆಯ ಆಚೆ ಹೋಗಿ ಕೂತಿತು: (ಎಕ್ಸ್ − 2)² + (ವೈ − 3)² = 1. ತ್ರಿಜ್ಯ 1 ಇರುವ ಚೊಕ್ಕ ವೃತ್ತ. ಎರಡನೆಯವನಲ್ಲಿ 13ಕ್ಕೆ 13 ಇದೆ, ಬಾಕಿ ಸೊನ್ನೆ. ಎರಡು ವರ್ಗಗಳನ್ನು ಕೂಡಿಸಿ ಸೊನ್ನೆ ಬರಬೇಕಾದರೆ ಎರಡೂ ಸೊನ್ನೆಯಾಗಿರಬೇಕು. ಅಂದರೆ ಎಕ್ಸ್ 2, ವೈ 3, ಮುಗಿಯಿತು. ಇಡೀ ಕಾಗದದಲ್ಲಿ ಒಂದೇ ಒಂದು ಚುಕ್ಕೆ. ಮೂರನೆಯವನಲ್ಲಿ 14, ಆಚೆ ಬದಿಗೆ −1. ವರ್ಗಗಳ ಮೊತ್ತ ಋಣಸಂಖ್ಯೆ ಆಗುವುದು ಈ ಲೋಕದಲ್ಲಿ ಸಾಧ್ಯವಿಲ್ಲ. ಚುಕ್ಕೆಯೂ ಇಲ್ಲ.

"ಹಂಗಾರೆ ಎರಡನೇದಕ್ಕೆ ರೇಡಿಯಸ್ ಸೊನ್ನೆ ಇಪ್ಪ ಸರ್ಕಲ್ ಹೇಳಿ ಬರೀಲಕ್ಕಾ?"

"ಅಕ್ಕು."

"ಮೂರನೇದು?" ಎಂದು ಕೇಳಿದ್ದು ಭಾವ. ಏನೂ ಇಲ್ಲ ಎಂದೆ. ಅವನು ಕೈಯಲ್ಲಿದ್ದ ಅಡಿಕೆ ಬುಟ್ಟಿಗೆ ಎಸೆದು ತೀರ್ಪು ಕೊಟ್ಟ. "ಪಹಣಿ ಇದ್ದು, ಜಾಗ ಇಲ್ಲೆ."

ನಾನು ಬಿಎಸ್ಸಿಯಲ್ಲಿ ಮೂರು ವರ್ಷ ಕೇಳಿದ ಪಾಠದಲ್ಲಿ ಶೂನ್ಯಗಣಕ್ಕೆ ಇಷ್ಟು ಚೆಂದದ ವಿವರಣೆ ಸಿಕ್ಕಿರಲಿಲ್ಲ.

ಅದರ ಮುಂದಿನ ಲೆಕ್ಕಕ್ಕೆ ಬಂದಾಗ ಭಾವನಿಗೆ ಇನ್ನೂ ಹುರುಪು ಬಂತು. ಎಕ್ಸ್² − ವೈ² − 2ಎಕ್ಸ್ + 4ವೈ − 3 = 0. ಕೂಸು ಎರಡು ವರ್ಗ, ನಡುವೆ ಮೈನಸ್ಸು ಎಂದು ನೋಡಿದವಳೇ 'ಹೈಪರ್ಬೋಲಾ' ಎಂದು ಬರೆದು ಅಡಿಗೆರೆ ಎಳೆದಿದ್ದಳು. ಕೋಚಿಂಗಿನ ವೇಗ ಅದು, ಮುಖ ನೋಡಿ ಮಣೆ ಹಾಕುವುದು. ಮೊದಲಿನ ಹಾಗೇ ವರ್ಗ ಪೂರ್ತಿ ಮಾಡು ಎಂದೆ. ಮಾಡಿದಳು. (ಎಕ್ಸ್ − 1)² − (ವೈ − 2)², ಆಚೆ ಬದಿಗೆ ಸೊನ್ನೆ. ಸೊನ್ನೆ ಕಂಡ ಕೂಡಲೇ ಕೂಸಿನ ಪೆನ್ನು ನಿಂತಿತು. ವರ್ಗಗಳ ವ್ಯತ್ಯಾಸವನ್ನು ಒಡೆಯುವುದು ಎಂಟನೇ ಕ್ಲಾಸಿನವರಿಗೂ ಗೊತ್ತು:

(ಎಕ್ಸ್ − ವೈ + 1)(ಎಕ್ಸ್ + ವೈ − 3) = 0

ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆ ಎಂದರೆ ಎರಡರಲ್ಲಿ ಒಂದು ಸೊನ್ನೆ. ಆದ್ದರಿಂದ ಒಂದೋ ಎಕ್ಸ್ − ವೈ + 1 = 0 ಎಂಬ ಗೆರೆಯ ಮೇಲೆ ನಿಲ್ಲಿ, ಇಲ್ಲವೇ ಎಕ್ಸ್ + ವೈ − 3 = 0 ಎಂಬುದರ ಮೇಲೆ ನಿಲ್ಲಿ. ಎರಡನೇ ಘಾತದ ಒಂದು ಸಮೀಕರಣ, ಒಳಗೆ ಒಂದನೇ ಘಾತದ ಎರಡು ಸಂಸಾರ. ಹೊರಗಿಂದ ನೋಡಿದರೆ ಒಂದೇ ಹೆಬ್ಬಾಗಿಲು, ಒಂದೇ ಅಂಗಳ. ಒಳಗೆ ಹೋಗಿ ನೋಡಿದರೆ ಒಲೆ ಎರಡು.

"ಹಿಸೆ ಆಯ್ದು ಹೇಳು," ಎಂದ ಭಾವ, ತನ್ನ ಕಚೇರಿಗೇ ಕೇಸು ಬಂದವನ ಗತ್ತಿನಲ್ಲಿ. "ಅದ್ಕೆಂತ ನಾಚ್ಕೆ? ಹಿಸೆ ಆಗದೇ ಇಪ್ಪ ಮನೆ ಯಾವ್ದಿದ್ದು ಹೇಳು ನೋಡನ. ಇಬ್ರಿಗೂ ಸೇರಿದ ಬಾವಿ ಎಲ್ಲಿದ್ದು?"

ಬಾವಿ ಇತ್ತು. ಎರಡು ಗೆರೆಗಳು ಸೇರುವ ಜಾಗ, ಎಕ್ಸ್ 1, ವೈ 2.

ಈಗ ಕೊನೆಯ −3 ಇದ್ದಲ್ಲಿ −4 ಹಾಕಿ. ಆಚೆ ಬದಿಯ ಸೊನ್ನೆ 1 ಆಗುತ್ತದೆ, ಎಡಕ್ಕೊಂದು ಬಲಕ್ಕೊಂದು ಬಾಗಿದ ನಿಜವಾದ ಹೈಪರ್ಬೋಲಾ ಎದ್ದು ಬರುತ್ತದೆ. −2 ಹಾಕಿದರೆ ಅದೇ ಹೈಪರ್ಬೋಲಾ ಮಗ್ಗುಲು ಬದಲಿಸಿ ಮೇಲೊಂದು ಕೆಳಗೊಂದು ಆಗುತ್ತದೆ. ಎಡಬಲದ್ದು ಮೇಲೆಕೆಳಗಿನದ್ದಾಗುವ ಆ ಒಂದು ಕ್ಷಣದಲ್ಲಿ, −3ರಲ್ಲಿ, ಎರಡೂ ತೋಳು ನಡುವೆ ಬಂದು ತಗುಲಿ, ನೆಟ್ಟಗಾಗಿ, ಕತ್ತರಿಯಾಗಿ ನಿಲ್ಲುತ್ತವೆ. ಅಸಿಂಪ್ಟೋಟು ಎಂದು ಕೋಚಿಂಗಿನಲ್ಲಿ ಬೇರೆ ಪಾಠ ಮಾಡಿ, ಬೇರೆ ಸೂತ್ರ ಕೊಟ್ಟು ಮಕ್ಕಳ ತಲೆ ತಿನ್ನುತ್ತಾರಲ್ಲ, ಅದು ಈ ಎರಡು ಗೆರೆಗಳೇ. ಹೈಪರ್ಬೋಲಾದ ಸಮೀಕರಣದಲ್ಲಿ ಕೊನೆಯ ಸಂಖ್ಯೆಯೊಂದನ್ನು ಮಾತ್ರ ಬದಲಿಸಿ ಹಿಸೆ ಆಗುವಂತೆ ಮಾಡಿದರೆ ಅಸಿಂಪ್ಟೋಟು ಕೈಗೆ ಬಂತು. ಇದನ್ನು ಹೇಳಿಕೊಡಲು ಐದು ನಿಮಿಷ ಸಾಕು. ಆದರೆ ಹೇಳಬೇಕಾದರೆ ಡಿಜನರೇಟ್ ಎಂಬವನನ್ನು ಒಳಗೆ ಕರೆದು ಮಣೆ ಕೊಡಬೇಕಲ್ಲ!

ಹಿಸೆಯಲ್ಲೂ ನಮೂನೆಗಳಿವೆ. ಎಕ್ಸ್² − 2ಎಕ್ಸ್ − 3 = 0 ಎಂಬುದನ್ನು ತೆಗೆದುಕೊಳ್ಳಿ, ವೈ ಪತ್ತೆಯೇ ಇಲ್ಲ. ಒಡೆದರೆ ಎಕ್ಸ್ = 3, ಎಕ್ಸ್ = −1. ಎರಡೂ ನೆಟ್ಟಗೆ ನಿಂತ ಸಮಾಂತರ ಗೆರೆಗಳು, ಯಾವತ್ತೂ ಸೇರುವುದಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರು. ಕೊನೆಯ −3ನ್ನು +1 ಮಾಡಿದರೆ (ಎಕ್ಸ್ − 1)² = 0, ಒಂದೇ ಗೆರೆ ಎರಡು ಸಲ. ಹಿಸೆಪತ್ರ ರಿಜಿಸ್ಟರಾಗಿದೆ, ಇಬ್ಬರೂ ಅದೇ ಮನೆಯಲ್ಲಿ ಅದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದಾರೆ. "ಅವ್ರೇ ಜಾಣರು," ಎಂದಳು ಒಳಗಿಂದ ಆಯಿ. ಇಷ್ಟು ಹೊತ್ತು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನಮಗೆ ಗೊತ್ತಿರಲಿಲ್ಲ.

ಕೂಸು ಅಲ್ಲಿ ನಮ್ಮನ್ನು ಹಿಡಿದಳು. ಪುಸ್ತಕದ ಪಟ್ಟಿಯಲ್ಲಿ ಸಮಾಂತರ ಗೆರೆಗಳೇ ಇಲ್ಲ, ದೊಡ್ಡಪ್ಪ ಸುಳ್ಳು ಹೇಳುತ್ತಿದ್ದಾರೆ ಎಂದು ಆಕ್ಷೇಪ. ಮಾತು ಸರಿ. ಶಂಕುವನ್ನು ನೀವು ಹೇಗೆ ಬೇಕಾದರೂ ಕತ್ತರಿಸಿ, ಮೇಲೆ ಕೆಳಗೆ ಎರಡು ಬಾಯಿ ಇರುವ ಜೋಡಿ ಶಂಕುವನ್ನೇ ತನ್ನಿ, ಸಮಾಂತರ ಗೆರೆ ಸಿಗುವುದಿಲ್ಲ. ತುದಿಯ ಮೂಲಕ ಹಾದ ಗೆರೆಗಳೆಲ್ಲ ತುದಿಯಲ್ಲಿ ಸೇರಲೇಬೇಕು. ಸಮಾಂತರ ಬೇಕಾದರೆ ಶಂಕುವಿನ ತುದಿಯನ್ನೇ ದೂರ ದೂರ, ಅನಂತಕ್ಕೆ ತಳ್ಳಬೇಕು. ಆಗ ಅದು ಶಂಕುವಾಗಿ ಉಳಿಯುವುದಿಲ್ಲ, ಸಿಲಿಂಡರು. ನಮ್ಮೂರಲ್ಲಿ ಸಿಲಿಂಡರಿಗೆ ಬರವೇ? ಅಂಗಳದ ಅಟ್ಟಕ್ಕೆ ಹಾಸಿ ಉಳಿದ ಅಡಿಕೆ ದಬ್ಬೆ ಗೋಡೆಗೆ ಒರಗಿತ್ತು. ಎಳೆದು ತೋರಿಸಿದೆ. ಉದ್ದಕ್ಕೆ ಸೀಳಿದ ಮರದ ಎರಡು ಅಂಚು, ಬುಡದಿಂದ ತುದಿಯವರೆಗೆ ಒಂದೇ ಅಂತರ. ಅಡಿಕೆ ಮರ ಮೇಲಕ್ಕೆ ಕೊಂಚ ಸಣ್ಣಗಾಗುತ್ತದೆ ಎಂದು ಭಾವ ತಕರಾರು ತೆಗೆದ. ಹಾಗಾದರೆ ಅದರ ಶಂಕುವಿನ ತುದಿ ಮೋಡದಾಚೆ ಎಲ್ಲೋ ಇರಬೇಕು ಎಂದು ರಾಜಿ ಮಾಡಿಕೊಂಡೆವು.

ನನ್ನ ವಾದ ಇಷ್ಟೇ. ಚಿತ್ರ ನೋಡಿ ಕಲಿತವರಿಗೆ ಶಂಕು ಕೊಟ್ಟಷ್ಟು ನೆಂಟರು ಮಾತ್ರ ಗೊತ್ತು. ಸಮೀಕರಣಕ್ಕೆ ಅದಕ್ಕಿಂತ ದೊಡ್ಡ ಬಳಗ ಇದೆ. ಸಮಾಂತರ ಗೆರೆಗಳು ಅದರ ಲೆಕ್ಕದಲ್ಲಿವೆ, ಪಹಣಿ ಇದ್ದು ಜಾಗವಿಲ್ಲದವನೂ ಅದರ ಲೆಕ್ಕದಲ್ಲಿದ್ದಾನೆ.

ಇನ್ನು ನಡುವೆ ಎಕ್ಸ್‌ವೈ ಎಂಬ ಪದ ಬಂದರೆ? ನಮ್ಮ ಕಾಲದ ಪಿಯುಸಿಯಲ್ಲಿ ಅದಕ್ಕೊಂದು ಮಂತ್ರ ಇತ್ತು. ಎಬಿಸಿ ಪ್ಲಸ್ ಟು ಎಫ್‌ಜಿಎಚ್ ಮೈನಸ್ ಎಎಫ್ ಸ್ಕ್ವೇರ್ ಮೈನಸ್ ಬಿಜಿ ಸ್ಕ್ವೇರ್ ಮೈನಸ್ ಸಿಎಚ್ ಸ್ಕ್ವೇರ್ ಈಕ್ವಲ್ಸ್ ಜೀರೋ. ಸಂಧ್ಯಾವಂದನೆ ಮರೆತ ಮಾಣಿಗಳೂ ಇದನ್ನು ಮರೆತಿಲ್ಲ. ಮಂತ್ರಕ್ಕೆ ಅರ್ಥ ಇದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಎಲಿಪ್ಸಿಗೂ ಹೈಪರ್ಬೋಲಾಕ್ಕೂ ಒಂದು ಕೇಂದ್ರ ಇರುತ್ತದೆ. ಸರಿಯಾದ ವಕ್ರರೇಖೆ ತನ್ನ ಕೇಂದ್ರವನ್ನು ಮುಟ್ಟುವುದಿಲ್ಲ, ಸುತ್ತ ತಿರುಗುತ್ತದೆ ಇಲ್ಲವೇ ಎರಡೂ ಕಡೆಯಿಂದ ದೂರ ನಿಲ್ಲುತ್ತದೆ. ಕೇಂದ್ರದ ಬೆಲೆಯನ್ನು ಸಮೀಕರಣದಲ್ಲಿ ಹಾಕಿ ನೋಡಿದಾಗ ಬರುವ ಸಂಖ್ಯೆಯ ಮೇಲ್ಭಾಗವೇ ಆ ಉದ್ದದ ಮಂತ್ರ. ಅದು ಸೊನ್ನೆ ಎಂದರೆ ಕೇಂದ್ರವೇ ಗೆರೆಯ ಮೇಲೆ ಬಂದು ಕೂತಿದೆ, ಹಿಸೆ ಆಗಿದೆ ಎಂದರ್ಥ. ಬಾವಿಯೇ ಕೇಂದ್ರ.

ಮಂತ್ರ ಬೇಡದವರಿಗೆ ಎಸ್ಸೆಸ್ಸೆಲ್ಸಿಯ ವರ್ಗಸಮೀಕರಣದ ಸೂತ್ರ ಸಾಕು. ಎಕ್ಸ್² + ಎಕ್ಸ್‌ವೈ − 2ವೈ² + ಎಕ್ಸ್ + 5ವೈ − 2 = 0. ವೈಯನ್ನು ಸದ್ಯಕ್ಕೆ ಒಂದು ಸಂಖ್ಯೆ ಎಂದೇ ಭಾವಿಸಿ, ಎಕ್ಸ್‌ಗೆ ಸೂತ್ರ ಹಾಕಿ. ವರ್ಗಮೂಲದ ಒಳಗೆ (ವೈ + 1)² + 8ವೈ² − 20ವೈ + 8 ಬರುತ್ತದೆ. ಭಯಪಡದೆ ಕೂಡಿಸಿದರೆ 9ವೈ² − 18ವೈ + 9, ಅಂದರೆ 9(ವೈ − 1)². ಪೂರ್ಣವರ್ಗ! ಮೂಲ ಸಲೀಸಾಗಿ ಹೊರಬಂತು. ಎಕ್ಸ್ = ವೈ − 2, ಇಲ್ಲವೇ ಎಕ್ಸ್ = 1 − 2ವೈ. ಎರಡು ಗೆರೆ, ಬಾವಿ ಇರುವುದು (−1, 1)ರಲ್ಲಿ. ಒಳಗಿನದ್ದು ಪೂರ್ಣವರ್ಗ ಆಗದಿದ್ದರೆ ಮೂಲದ ಚಿಹ್ನೆ ಹಾಗೇ ಉಳಿಯುತ್ತದೆ, ಗೆರೆ ಬಾಗುತ್ತದೆ.

ಮಂತ್ರದ ಒಂದು ದೌರ್ಬಲ್ಯವನ್ನೂ ಹೇಳಿಬಿಡುತ್ತೇನೆ. ಆ 14ರ ಸಮೀಕರಣಕ್ಕೆ ಅದನ್ನು ಹಾಕಿದರೆ ಉತ್ತರ 1, ಸೊನ್ನೆ ಅಲ್ಲ. 'ಎಲ್ಲ ಸರಿ ಇದೆ, ಮನೆ ಒಟ್ಟಾಗಿದೆ' ಎಂದು ಮಂತ್ರ ಸರ್ಟಿಫಿಕೇಟು ಕೊಡುತ್ತದೆ. ಹೋಗಿ ನೋಡಿದರೆ ಮನೆಯೇ ಇಲ್ಲ. ವರ್ಗ ಪೂರ್ತಿ ಮಾಡುವವನಿಗೆ ಈ ಮೋಸ ಆಗುವುದಿಲ್ಲ.

ಇಷ್ಟಾದರೂ ಕೂಸಿಗೆ ಸಮಾಧಾನವಿಲ್ಲ. "ಎರಡು ಗೆರೆ ಎಳ್ದು ಅದ್ನ ಕಾನಿಕ್ ಹೇಳದ್ರಿಂದ ಲಾಭ ಎಂತ?" ಈಗಿನ ಮಕ್ಕಳಿಗೆ ಲಾಭ ಹೇಳಬೇಕು. ಪ್ಯಾಸ್ಕಲ್ ಎಂಬ ಫ್ರಾನ್ಸಿನ ಹುಡುಗ ಇವಳ ವಯಸ್ಸಿನವನೇ, ಹದಿನಾರು. ಅವನ ಪ್ರಬಂಧ 1640ರಲ್ಲಿ ಒಂದೇ ಹಾಳೆಯಲ್ಲಿ ಅಚ್ಚಾಯಿತು. ಅವನ ಹೆಸರಲ್ಲೇ ಪ್ರಸಿದ್ಧವಾದ ಆ ಪ್ರಮೇಯ ಹೇಳುವುದೇನೆಂದರೆ, ಕಾನಿಕ್ಕಿನ ಮೇಲೆ ಆರು ಚುಕ್ಕೆ ಇಟ್ಟು ಷಡ್ಭುಜ ಎಳೆದು ಎದುರುಬದುರಿನ ಬಾಹುಗಳನ್ನು ಬೆಳೆಸಿದರೆ, ಅವು ಸೇರುವ ಮೂರು ಜಾಗ ಒಂದೇ ಸರಳರೇಖೆಯಲ್ಲಿ ಬರುತ್ತವೆ. ಇದಕ್ಕೆ ಹದಿಮೂರು ಶತಮಾನ ಹಿಂದೆಯೇ ಅಲೆಕ್ಸಾಂಡ್ರಿಯಾದ ಪಾಪಸ್ ಎಂಬಾತ ಎರಡು ಸರಳರೇಖೆಗಳ ಮೇಲೆ ಮೂರು ಮೂರು ಚುಕ್ಕೆ ಇಟ್ಟು ಇದೇ ತಮಾಷೆ ತೋರಿಸಿದ್ದ. ಎರಡು ಬೇರೆ ಬೇರೆ ಪ್ರಮೇಯ ಎಂದು ಬಾಯಿಪಾಠ ಮಾಡುವವರು ಮಾಡಲಿ. ಹಿಸೆ ಆದವರನ್ನೂ ಕುಟುಂಬದಲ್ಲಿ ಲೆಕ್ಕ ಹಿಡಿದರೆ ಒಂದೇ ಪ್ರಮೇಯ ಸಾಕು.

ಲಾಭದ ಇನ್ನೊಂದು ಉದಾಹರಣೆ ನಮ್ಮ ಕನ್ನಡನಾಡಿನದೇ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಆಯತವೃತ್ತ, ಅಂದರೆ ಉದ್ದವಾದ ವೃತ್ತದ ಸುತ್ತಳತೆಗೆ ಒಂದು ಸೂತ್ರ ಇದೆ. ಅಗಲದ ವರ್ಗವನ್ನು ಆರರಿಂದ ಗುಣಿಸಿ, ಉದ್ದದ ಇಮ್ಮಡಿಯ ವರ್ಗ ಕೂಡಿಸಿ, ವರ್ಗಮೂಲ ತೆಗೆಯಿರಿ. ಎಲಿಪ್ಸಿನ ಸುತ್ತಳತೆಗೆ ಸರಳವಾದ ಸರಿಯುತ್ತರ ಇವತ್ತಿಗೂ ಇಲ್ಲ, ಆದ್ದರಿಂದ ಇದು ಅಂದಾಜು. ಎಷ್ಟು ಒಳ್ಳೆಯ ಅಂದಾಜು? ಪರೀಕ್ಷೆಗೆ ಅದನ್ನು ಚಪ್ಪಟೆ ಮಾಡಿಬಿಡಿ. ಉದ್ದ 10, ಅಗಲ ಸೊನ್ನೆ. ಸೂತ್ರ 400ರ ವರ್ಗಮೂಲ 20 ಕೊಡುತ್ತದೆ. 10 ಉದ್ದದ ಗೆರೆಯ ಮೇಲೆ ಇರುವೆ ಹೋಗಿ ತಿರುಗಿ ಬಂದರೆ 20. ಚುಕ್ತಾ! ಇನ್ನೊಂದು ತುದಿಯಲ್ಲಿ ಅಗಲವೂ 10 ಮಾಡಿದರೆ ವೃತ್ತ, ಸೂತ್ರದ ಉತ್ತರ 31.62, ನಿಜವಾದದ್ದು 31.42. ಪೈ ಬದಲು 10ರ ವರ್ಗಮೂಲ ಹಿಡಿದದ್ದರಿಂದ ಆ ಕೂದಲೆಳೆ ವ್ಯತ್ಯಾಸ. ನಡುವೆ, ಅಗಲ 6 ಇದ್ದಾಗ, 24.8 ಬರುತ್ತದೆ, ಬರಬೇಕಾದದ್ದು 25.5. ಅಂತೂ ಆಚಾರ್ಯರ ಸೂತ್ರ ಅಣುವಷ್ಟೂ ತಪ್ಪದೆ ನಿಲ್ಲುವುದು ಪಿಯುಸಿ ಮೇಷ್ಟರು ಬಿಟ್ಟುಬಿಡುವ ಆ ಚಪ್ಪಟೆ ಎಲಿಪ್ಸಿನಲ್ಲಿ.

(ಇಲ್ಲೂ ಸಮೀಕರಣ ತನ್ನ ಸ್ವಭಾವ ಬಿಡುವುದಿಲ್ಲ. ಬಿ²ಎಕ್ಸ್² + ಎ²ವೈ² = ಎ²ಬಿ² ಎಂದು ಬರೆದು ಬಿ ಸೊನ್ನೆ ಮಾಡಿದರೆ ಉಳಿಯುವುದು ವೈ² = 0. ನಮಗೆ ಬೇಕಿದ್ದದ್ದು ತುಂಡು ಗೆರೆ, ಅದು ಕೊಟ್ಟದ್ದು ಆಚೆಗೂ ಈಚೆಗೂ ಮುಗಿಯದ ಇಡೀ ಗೆರೆ. ಒಂದು ಗುಂಟೆ ಅಳೆಯಲು ಹೇಳಿದರೆ ಬೆಟ್ಟವನ್ನೂ ಸೇರಿಸಿ ನಕ್ಷೆ ಬರೆದ ಸರ್ವೆಯವನ ಪೈಕಿ.)

ಭಾವ ಆ ಚುಕ್ಕೆಯನ್ನು ಮರೆತಿರಲಿಲ್ಲ. (ಎಕ್ಸ್ − 2)² + (ವೈ − 3)² = 0, ಅದೂ ಹಿಸೆಯಲ್ಲವೇ ಎಂದು ಕೇಳಿದ. ಹೌದು ಎನ್ನಲೇಬೇಕಾಯಿತು. ಮೈನಸ್ ಒಂದರ ವರ್ಗಮೂಲವನ್ನು ಒಪ್ಪಿಕೊಂಡರೆ ಅದೂ ಎರಡು ಗೆರೆಗಳಾಗಿ ಒಡೆಯುತ್ತದೆ. ಗೆರೆಗಳೆರಡೂ ಕಾಲ್ಪನಿಕ, ಕಣ್ಣಿಗೆ ಬೀಳುವುದಿಲ್ಲ, ಸೇರುವ ಜಾಗ ಮಾತ್ರ ನಿಜ.

"ಗೊತ್ತಾತು ಬಿಡು," ಎಂದ. "ಅಣ್ಣತಮ್ಮ ಇಬ್ರೂ ಅಮೆರಿಕದಲ್ಲಿದ್ದ. ಊರಲ್ಲಿ ಬಾವಿ ಒಂದೇ ಉಳದ್ದು."

ಒಂದು ಗಳಿಗೆ ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕೆವು. ಕೂಸಿಗೆ ಮಾತ್ರ ಭಾವನ ಜಂಬ ಇಳಿಸಲೇಬೇಕಿತ್ತು. ಪುಸ್ತಕ ಮಡಚಿ ಅವನ ಮುಂದೆಯೇ ಕೂತಳು.

"ಮಾವ, ಎಕ್ಸ್‌ವೈ − 2ಎಕ್ಸ್ − 3ವೈ, ಅದ್ಕೆ ಎಷ್ಟು ಕೂಡ್ಸಿದ್ರೆ ಹಿಸೆ ಆಗ್ತು?"

ಭಾವ ಎರಡು ಅಡಿಕೆ ಸುಲಿದ. ಮೂರನೆಯದನ್ನು ಕತ್ತಿಗೆ ಹಿಡಿದು, "ಎರಡ್ಮೂರ್ಲ ಆರು," ಎಂದ.

ಕೂಸು ಬರೆದು ನೋಡಿದಳು. (ಎಕ್ಸ್ − 3)(ವೈ − 2) = 0. ಅವಳ ಮುಖ ನೋಡುವ ಹಾಗಿತ್ತು. ಸೋಲೊಪ್ಪದೆ ಮತ್ತೆ ಕೇಳಿದಳು, "ಆರರ ಬದ್ಲು ಏಳು ಕೂಡ್ಸಿದ್ರೆ?"

"ಏಳಾದ್ರೆ ಕೋರ್ಟು. ದಿನಾ ಹತ್ರ ಹತ್ರ ಬತ್ತು, ಮುಟ್ತಿಲ್ಲೆ."